ಹಗಲು ಉಣ್ಣುವ ಪೆಟ್ಟಿಗೆ

ಉಪ್ಪು ಜಾಸ್ತಿಯಾಯಿತಾ ಎಂದು ಹೆಂಡತಿ ಕೇಳಿದಾಗ ಅವನು, ಇಲ್ಲ, ಸರಿಯಾಗಿಯೇ ಇದೆ ಎಂದ. “ನಾನು ಹಾಕೇ ಇಲ್ಲ,” ಎಂದಳು ಅವಳು, ಒಲೆಯ ಕಡೆಗೆ ತಿರುಗಿಕೊಂಡೇ. “ನಿಮ್ಮ ಪಾಲಿಗೆ ಮಾತ್ರ ಮೂರು ದಿನದಿಂದ ಹಾಕ್ತಿಲ್ಲ. ಎಲ್ಲೀವರೆಗೆ ಹೋಗ್ತೀರೋ ನೋಡೋಣ ಅಂತ.” ಇಲ್ಲಿ ನಗಬೇಕೆಂದು ತಿಳಿದು ಅವನು ನಕ್ಕ. ಪಕ್ಕದ ಮನೆಗೆ ಬಾಡಿಗೆಯವರು ಬಂದದ್ದು ಗೊತ್ತಾಗುವ ಹಾಗೆ, ಮುಖದ ಮೇಲೆ ನಗು ಬಂದದ್ದು ಅವನಿಗೆ ಗೊತ್ತಾಯಿತು. ಪರಿಚಯ ಮಾಡಿಕೊಳ್ಳುವ ಗೋಜಿಗೆ ಹೋಗಲಿಲ್ಲ. ತಟ್ಟೆಯನ್ನು ಪೂರ್ತಿ ಖಾಲಿ ಮಾಡಿ ಕೈ ತೊಳೆದ. ನೀರು ತಣ್ಣಗಿತ್ತೋ ಬೆಚ್ಚಗಿತ್ತೋ ಎಂದು ಯಾರಾದರೂ ಕೇಳಿದ್ದರೆ ಮೀಟರು ಇಟ್ಟು ನೋಡಿ ಹೇಳಬೇಕಾಗುತ್ತಿತ್ತು. ಬಾಗಿಲ ಬಳಿ ಚೀಲಕ್ಕೆ ಸಾಮಾನು ತುಂಬುತ್ತಿದ್ದಾಗ ಅವಳು ಬಂದು ನಿಂತಳು. “ಇವತ್ತು ಆ ಹೊಳೆ ಚೌಕಿಗಾ? ಆ ಯಪ್ಪ ತೀರಿಕೊಂಡ್ರಲ್ಲ, ಅಲ್ಲಿಗಾ?” ಹೌದೆಂದ. “ಸಾವಾದ ಮನೆಗೆ ಬರಿಗೈಲಿ ಹೋಗಬೇಡಿ ಮತ್ತೆ. ಏನಾದರೂ ತಗೊಂಡು ಹೋಗಿ.” “ತಗೊಂಡಿದೀನಿ,” ಎಂದ. ಅದು ಸುಳ್ಳಾಗಿರಲಿಲ್ಲ. ಚೀಲದೊಳಗೆ, ಮೀಟರು, ಸ್ಕ್ರೂ ಡ್ರೈವರುಗಳು, ಅಂಟು ಟೇಪಿನ ಮೇಲೆ, ಕಾರ್ಖಾನೆಯ ಮುದ್ರೆ ಒಡೆಯದ ಹೊಸ ಚಾರ್ಜ್ ಕಂಟ್ರೋಲರಿನ ಡಬ್ಬಿ ಇತ್ತು. ಆ ಮುದ್ರೆ ಒಡೆಯದಿರುವುದು ಮುಖ್ಯವಾಗಿತ್ತು. ತೀರಿಕೊಂಡವನ ಹೆಂಡತಿಯ ಎದುರಿಗೇ, ಅವಳ ಕಣ್ಣೆದುರಿಗೇ, ಟರ್ರನೆ ಹರಿಯಬೇಕು ಎಂದು ಅವನು ನಾಲ್ಕು ದಿನದಿಂದ ಅಂದುಕೊಂಡಿದ್ದ.

ಜೀಪಿನಲ್ಲಿ ಡ್ರೈವರು ಮಾತಿಗೆ ಎಳೆದ. “ಏನು ಗುರುಗಳೇ, ಮುಖ ನೋಡಿದರೆ ಬ್ಯಾಟರಿ ಇಳಿದುಹೋದ ಹಾಗಿದೆ?” ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನು ಈ ಮಾತನ್ನು ಸಾವಿರ ಸಲವಾದರೂ ಕೇಳಿದ್ದ, ಇಲಾಖೆಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದೇ ಮೀಟರಣ್ಣ ಎಂದು, ಜೇಬಿನಿಂದ ಸದಾ ಕೆಂಪು ಕಪ್ಪು ಎರಡು ತಂತಿ ಇಣುಕುತ್ತಿದ್ದುದರಿಂದ. ನಿದ್ದೆ ಇಲ್ಲ ಎಂದ. ಡ್ರೈವರಿಗೆ ಉತ್ತರ ಬೇಕಾಗಿರಲಿಲ್ಲ. ಎರಡು ತಿಂಗಳ ಹಿಂದೆ ಇದೇ ದಾರಿಯಲ್ಲಿ, ಇದೇ ಜೀಪಿನಲ್ಲಿ, ಡಾಕ್ಟರನ್ನು ಕೂರಿಸಿಕೊಂಡು ಹೋದದ್ದನ್ನು ಡ್ರೈವರು ಹೇಳತೊಡಗಿದ. ಹೇಳಿ ಹೇಳಿ ಆ ಕಥೆಗೆ ಈಗ ಒಳ್ಳೆಯ ಹಿಡಿತ ಬಂದಿತ್ತು, ಎಲ್ಲಿ ಗೇರು ಬದಲಿಸಬೇಕೆಂದು ಅವನಿಗೆ ಗೊತ್ತಿತ್ತು. “ಕತ್ತಲೆ ಅಂದರೆ ಎಂಥ ಕತ್ತಲೆ, ಗುರುಗಳೇ. ಹಗಲು ಮೂರು ಗಂಟೆಯ ದಾರಿ, ಆವತ್ತು ಐದು ಹಿಡೀತು. ಹೋಗಿ ನೋಡಿದರೆ ಮನುಷ್ಯ ಹೋಗಿ ಏಳು ಗಂಟೆ ಆಗಿದೆ. ಬೆಳಗ್ಗೆ ಹತ್ತಕ್ಕೆ ಎದೆ ಹಿಡ್ಕೊಂಡಿದ್ದಂತೆ, ಸಾಯಂಕಾಲ ಐದರವರೆಗೆ ಜೀವ ಇತ್ತಂತೆ. ಡಾಕ್ಟರು ಕೈಗವಸು ಬಿಚ್ಚುತ್ತ ಒಂದೇ ಮಾತು ಅಂದ್ರು: ಮಧ್ಯಾಹ್ನ ಮೂರರೊಳಗೆ ಸಿಕ್ಕಿದ್ದರೆ ಉಳಿಸಬಹುದಿತ್ತು. ಹಣೆಬರಹ. ಆ ಹೆಂಗಸು ಪಾಪ ಸಂಜೆ ಆಗೋದನ್ನೇ ಕಾಯ್ತಾ ಕೂತಿದ್ದಳು.” “ಯಾಕೆ ಕಾದಳು?” ಎಂದು ಅವನು ಕೇಳಿದ, ತನ್ನ ಬಾಯಿಂದ ಆ ಪ್ರಶ್ನೆ ಹೇಗೆ ಹೊರಟೀತು ಎಂದು ಕೇಳಿಸಿಕೊಳ್ಳುವುದಕ್ಕಾಗಿಯೇ. ಡ್ರೈವರು ನಕ್ಕ. “ನನ್ನ ಕೇಳ್ತೀರಾ? ನಿಮ್ಮ ಸೋಲಾರು ತಾನೆ? ಹಗಲು ತುಂಬಿಕೊಳ್ಳುತ್ತೆ, ರಾತ್ರಿ ಕೊಡುತ್ತೆ. ಅದು ಇರೋದೇ ಹಾಗಲ್ಲವಾ?”

ಚಾರ್ಜ್ ಕಂಟ್ರೋಲರು ಎಂಬುದು ಅಂಗೈ ಅಗಲದ ಪೆಟ್ಟಿಗೆ. ಬಿಸಿಲಿನ ಪ್ಯಾನೆಲ್ಲು, ಬ್ಯಾಟರಿ, ಉರಿಯಬೇಕಾದ ದೀಪವೋ ನಡೆಯಬೇಕಾದ ಯಂತ್ರವೋ, ಈ ಮೂವರ ನಡುವೆ ಕೂತು ಯಾರಿಗೆ ಎಷ್ಟು, ಯಾವಾಗ ಸಾಕು ಎಂದು ನಿರ್ಧರಿಸುವುದಷ್ಟೇ ಅದರ ಕೆಲಸ. ತರಬೇತಿಗೆ ಬಂದವರಿಗೆಲ್ಲ ಅವನು ಒಂದೇ ಹೋಲಿಕೆ ಕೊಡುತ್ತಿದ್ದ: ಉಗ್ರಾಣದ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಅತ್ತೆ. ಪ್ಯಾನೆಲ್ಲು ದುಡಿದು ತರುವ ಮಗ, ಬ್ಯಾಟರಿ ಕಣಜ, ದೀಪ ಖರ್ಚು ಮಾಡುವ ಸೊಸೆ. ಕಣಜ ತುಂಬಿದರೆ ಮಗನಿಗೆ ಸಾಕಪ್ಪಾ ಅನ್ನುತ್ತಾಳೆ, ತಳ ಕಂಡರೆ ಸೊಸೆಯ ಮುಖಕ್ಕೆ ಬಾಗಿಲು ಹಾಕುತ್ತಾಳೆ. ಎಲ್ಲರೂ ನಗುತ್ತಿದ್ದರು, ಮದುವೆಯಾದವರು ಸ್ವಲ್ಪ ಹೆಚ್ಚೇ. ನಗು ಇಳಿದ ಮೇಲೆ ಅವನು ಬೆರಳೆತ್ತಿ ಹೇಳುತ್ತಿದ್ದ: ಈ ಅತ್ತೆ ತವರಿನಿಂದ ಬರುವಾಗಲೇ ಒಂದು ಚಾಳಿ ಕಲಿತು ಬಂದಿರುತ್ತಾಳೆ, ಜೋಕೆ. ಕಾರ್ಖಾನೆಯವರು ಹೆಚ್ಚಾಗಿ ಬೀದಿದೀಪಗಳಿಗೆ ಮಾರುವುದರಿಂದ ಪೆಟ್ಟಿಗೆಯನ್ನು ಆ ಲೆಕ್ಕಕ್ಕೇ ಹೊಂದಿಸಿ ಕಳಿಸುತ್ತಾರೆ. ಪುಟ್ಟ ಪರದೆಯ ಮೇಲೆ ಸೊನ್ನೆ ಇರುತ್ತದೆ. ಸೊನ್ನೆ ಎಂದರೆ ಕತ್ತಲಾದಾಗ ಕೊಡು, ಬೆಳಕು ಹರಿದಾಗ ನಿಲ್ಲಿಸು. ಹಗಲೂ ರಾತ್ರಿಯೂ ಬೇಕೆಂದರೆ ಮುಂಭಾಗದ ಒಂದೇ ಒಂದು ಗುಂಡಿಯನ್ನು ಐದು ಸೆಕೆಂಡು ಒತ್ತಿ ಹಿಡಿಯಬೇಕು. ಸೊನ್ನೆ ಹೋಗಿ ಇಪ್ಪತ್ತನಾಲ್ಕು ಬರುತ್ತದೆ. ಇಷ್ಟೇ. ಬಾಗಿಲ ಚಿಲಕ ಹಾಕುವಷ್ಟು ಸಹಜವಾದ ಕೆಲಸ, ಮತ್ತು ಅಷ್ಟೇ ಅಪಾಯದ್ದು, ಯಾಕೆಂದರೆ ಹಾಕಿದೆನೇ ಎಂದು ಬೀದಿಯ ತಿರುವಿನಲ್ಲಿ ನಿಂತು ಕೇಳಿಕೊಂಡರೆ ಕೈ ಯಾವಾಗಲೂ ಹಾಕಿದೆ ಎಂದೇ ಹೇಳುತ್ತದೆ. ಹನ್ನೊಂದು ತಿಂಗಳ ಹಿಂದೆ ಹೊಳೆ ಚೌಕಿಯ ಗೋಡೆಗೆ ಕಂಟ್ರೋಲರು ಕೂರಿಸಿದ ಸಂಜೆ ತಾನು ಆ ಗುಂಡಿ ಒತ್ತಿದ್ದು ಅವನಿಗೆ ಸ್ಪಷ್ಟವಾಗಿ ನೆನಪಿತ್ತು. ಹೆಬ್ಬೆರಳಿನ ಕೆಳಗಿನ ರಬ್ಬರಿನ ಮೆದುತನ, ಮನಸ್ಸಿನಲ್ಲೇ ಎಣಿಸಿದ ಐದು, ಎಲ್ಲ. ಅದು ಯಾವುದೋ ಬೇರೆ ಊರಿನ, ಬೇರೆ ಗೋಡೆಯ ನೆನಪು ಎಂದು ಅವನಿಗೆ ತಿಳಿದದ್ದು ಏಳು ತಿಂಗಳಾದ ಮೇಲೆ. ಆ ಸಂಜೆ ಅವನು ಕೆಲಸ ಮುಗಿಸುವಾಗ ಹೊತ್ತು ಮುಳುಗಿತ್ತು. ಕತ್ತಲಾಗಿದ್ದರಿಂದ ಸೊನ್ನೆಯಲ್ಲೂ ವೈರ್‌ಲೆಸ್ ಸೆಟ್ಟಿನ ಕೆಂಪು ದೀಪ ಟಕ್ಕನೆ ಹೊತ್ತಿಕೊಂಡಿತು. ಚೌಕಿಯಲ್ಲಿ ಹೊಳೆ ಅಳೆಯುವ ಅಳತೆಗಾರನ ಹೆಂಡತಿ ಚಪ್ಪಾಳೆ ತಟ್ಟಿದಳು. ಕೆಳಗೆ ಜೀಪಿನ ಹಾರ್ನು ಕೇಳುತ್ತಿತ್ತು. ಅವನು ಸಹಿ ಹಾಕಿ ಇಳಿದ.

ಹೊಳೆಯ ನೀರಿನ ಮಟ್ಟ ಅಳೆಯುವ ಚೌಕಿ ಅದು. ಸಂಜೆ ಏಳಕ್ಕೊಮ್ಮೆ, ಬೆಳಗಿನ ಐದಕ್ಕೊಮ್ಮೆ ಮಟ್ಟವನ್ನು ವೈರ್‌ಲೆಸ್ಸಿನಲ್ಲಿ ಕೇಂದ್ರಕ್ಕೆ ಹೇಳಬೇಕು; ಎರಡೂ ಕತ್ತಲಿನ ಹೊತ್ತು. ನಡುಹಗಲಲ್ಲಿ ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ, ಅವರೂ ಯಾರನ್ನೂ ಕರೆಯುತ್ತಿರಲಿಲ್ಲ. ಹೊಳೆ ಚೌಕಿಯವರು ಆಫೀಸಿನ ವೇಳೆಯಲ್ಲಿ ಒಂದು ದಿನವೂ ಕಿರಿಕಿರಿ ಮಾಡಿದವರಲ್ಲ ಎಂದು ಮೇಲಧಿಕಾರಿ ಬೇರೆ ಚೌಕಿಗಳಿಗೆ ಉದಾಹರಣೆ ಕೊಡುತ್ತಿದ್ದರು. ಸಾವಿನ ವರದಿ ಬಂದ ದಿನ ಅವರೇ ಅದನ್ನು ಎಲ್ಲರೆದುರು ಓದಿದರು: ಸಂದೇಶ ತಲುಪಿದ್ದು ಹದಿನೆಂಟು ನಲವತ್ತೇಳಕ್ಕೆ. “ನೋಡಿ, ಅಂಥ ಹೊತ್ತಲ್ಲೂ ನಮ್ಮ ಸೆಟ್ಟು ಕೈ ಕೊಡಲಿಲ್ಲ,” ಎಂದು ಕನ್ನಡಕ ಇಳಿಸಿ ಅವನ ಕಡೆ ನೋಡಿ, “ಇದರ ಶ್ರೇಯ ನಿಮಗೇ ಮೀಟರಣ್ಣ,” ಎಂದರು. ಅವನು ತಲೆ ತಗ್ಗಿಸಿದ. ವಿನಯ ಎಂದುಕೊಂಡರು ಎಲ್ಲರೂ. ಅಂದರೆ ಸಂಜೆ ಆರು ನಲವತ್ತೇಳು. ಆ ವಾರ ಹೊತ್ತು ಮುಳುಗಿ ಬೆಳಕು ಪೂರ್ತಿ ಆರುತ್ತಿದ್ದದ್ದು ಆರು ನಲವತ್ತೈದರ ಸುಮಾರಿಗೆ. ಆ ಹೆಂಗಸು ಕೆಂಪು ದೀಪ ಹೊತ್ತಿಕೊಂಡ ಮೇಲೆ ಎರಡು ನಿಮಿಷವೂ ತಡಮಾಡಿರಲಿಲ್ಲ. ಆ ನಿಮಿಷಗಳಿಗೆ ಏನರ್ಥ ಎಂದು ಆ ಕೋಣೆಯಲ್ಲಿ ಒಬ್ಬನಿಗೇ ಗೊತ್ತಿತ್ತು.

ಇದಿಷ್ಟೇ ಆಗಿದ್ದರೆ ಮರೆವು ಅನ್ನಬಹುದಿತ್ತು. ಮರೆವಿಗೆ ಮದ್ದಿಲ್ಲ, ಮನುಷ್ಯನೇ ಮರೆವಿನ ಮುದ್ದೆ, ಇತ್ಯಾದಿ ಇತ್ಯಾದಿ. ಆದರೆ ಸಾವಿಗೆ ಎರಡು ತಿಂಗಳು ಮೊದಲು ಅಳತೆಗಾರ ದಿನಸಿಗೆಂದು ಇಳಿದು ಬಂದವನು ಡಿಪೋದ ಬಾಗಿಲಲ್ಲಿ ಸಿಕ್ಕಿದ್ದ. ಕುಳ್ಳಗಿನ, ಮಾತಿಗೆ ಮುಂಚೆ ನಗುವ ಆಸಾಮಿ. “ನಿಮ್ಮ ಪೆಟ್ಟಿಗೆ ಅಂದರೆ ಪೆಟ್ಟಿಗೆ ಸ್ವಾಮಿ! ಹಗಲೆಲ್ಲ ಉಂಡು ತೆಪ್ಪಗಿರುತ್ತೆ. ದೀಪ ಹಚ್ಚೋ ಹೊತ್ತಿಗೆ ಸರಿಯಾಗಿ ಎದ್ದು ಕೂರುತ್ತೆ ನೋಡಿ, ನನ್ನ ಹೆಂಡತಿ ಅದನ್ನ ನೋಡಿಯೇ ಗಡಿಯಾರಕ್ಕೆ ಕೀ ಕೊಡ್ತಾಳೆ.” ಆಗ ಅವನ ಕೈಯಲ್ಲಿ ಚಹಾದ ಲೋಟವಿತ್ತು. ಚಹಾ ಸುಡುತ್ತಿತ್ತು, ಅದು ಅವನಿಗೆ ನಾಲಿಗೆಯಲ್ಲಿ ಏನಾದರೂ ಗೊತ್ತಾದ ಕೊನೆಯ ಕಾಲ. ಒಂದು ಗುಟುಕಿಗೂ ಇನ್ನೊಂದಕ್ಕೂ ನಡುವೆ ಅವನಿಗೆ ಎಲ್ಲ ತಿಳಿಯಿತು: ಸೊನ್ನೆ, ಗುಂಡಿ, ಹಾರ್ನು. ಗುಂಡಿ ಒತ್ತಿ ಎಂದು ಅಲ್ಲೇ ಹೇಳಿ ಕಳಿಸಬಹುದಿತ್ತು. ಹೇಳಿದರೆ, ಹಾಗಾದರೆ ಇಷ್ಟು ದಿನ ತಪ್ಪಾಗಿತ್ತಾ ಸ್ವಾಮಿ ಎಂದು ಆ ನಗುಮುಖ ಕೇಳುತ್ತಿತ್ತು, ಡಿಪೋದ ನಾಲ್ಕು ಜನರ ಎದುರು. ಮೀಟರಣ್ಣನಿಂದ ತಪ್ಪು! ಒಂದು ವಾರದ ಮಟ್ಟಿಗೆ ಎಲ್ಲರ ಬಾಯಿಗೆ ಎಲೆಯಡಿಕೆಯಾಗುತ್ತಿತ್ತು. ವರ್ಷದ ತಪಾಸಣೆಗೆ ಹೋದಾಗ ಸದ್ದಿಲ್ಲದೆ ಸರಿಮಾಡಿದರಾಯಿತು, ಹಗಲು ಅವರಿಗೇನು ಬೇಕಾಗಿದೆ, ಎಂದುಕೊಂಡ. “ಒಳ್ಳೇದು, ಒಳ್ಳೇದು,” ಎಂದ. ಉಳಿದ ಚಹಾ ಕುಡಿದ.

ಹೊಸ ಕಂಟ್ರೋಲರು ಪಡೆಯಲು ತುಂಬಿದ ಫಾರಮ್ಮಿನಲ್ಲಿ ಹಳೆಯದು ಕೆಟ್ಟ ಕಾರಣಕ್ಕೆ ನಾಲ್ಕು ಚೌಕಗಳಿದ್ದವು: ಸಿಡಿಲು, ತೇವ, ವಯಸ್ಸು, ಬಳಸುವವರ ತಪ್ಪು. ಕೂರಿಸಿದವರ ತಪ್ಪು ಎಂಬ ಚೌಕ ಇರಲಿಲ್ಲ. ಫಾರಮ್ಮನ್ನು ಮಾಡಿದವರು ಕೂರಿಸುವವರೇ. ತೇವಕ್ಕೆ ಗುರುತು ಹಾಕಿದ. ಹಳೆಯದರಲ್ಲಿ ಯಾವ ಊನವೂ ಇಲ್ಲ, ಅಲ್ಲಿ ಹೋಗಿ ಬೆರಳಿಟ್ಟರೆ ಸಾಕು. ಆದರೆ ಅದೇ ಕಷ್ಟ. ಸರಿಮಾಡಿದ ಕ್ಷಣ ನಡುಹಗಲಲ್ಲಿ, ಅವಳ ಕಣ್ಣೆದುರು, ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡರೆ, ಆ ದಿನವೂ ಹೊತ್ತಿಕೊಳ್ಳಬಹುದಿತ್ತು ಎಂದು ಅವಳಿಗೆ ಗೊತ್ತಾಗುತ್ತದೆ. ಸರಿಮಾಡದೆ ಬಂದರೆ ಇನ್ನೊಂದು ಹಗಲು, ಇನ್ನೊಂದು ಎದೆನೋವು, ಈ ಸಲ ಅವಳದೇ ಇದ್ದೀತು. ಅತ್ತ ಹೋದರೆ ದರಿ, ಇತ್ತ ಬಂದರೆ ಪುಲಿ. ಹಾಗಾಗಿ ಹೊಸ ಡಬ್ಬಿ. ಅಮ್ಮಾ, ಇದು ಈ ವರ್ಷ ಬಂದ ಹೊಸ ಮಾದರಿ, ಇದು ಹಗಲೂ ಕೊಡುತ್ತದೆ. ಹಳೆಯದಕ್ಕೆ ಆ ಶಕ್ತಿ ಇರಲಿಲ್ಲ. ಮುದ್ರೆ ಹರಿಯುವುದು, ಹಳೆಯದನ್ನು ಬಿಚ್ಚಿ ಚೀಲಕ್ಕೆ ಹಾಕುವುದು, ಹೊಸದನ್ನು ಕಟ್ಟುವುದು, ಅವಳನ್ನು ಒಂದು ಲೋಟ ನೀರಿಗೆ ಕಳಿಸಿ ಐದು ಸೆಕೆಂಡು. ಒಬ್ಬರಿಗೂ ನೋವಿಲ್ಲ. ಇದನ್ನು ಯೋಚಿಸಿದಾಗ ತನಗೆ ಸಮಾಧಾನವಾಗಬೇಕಿತ್ತು ಎಂದು ಅವನಿಗನ್ನಿಸಿತು. ಆಗಿರಲಿಲ್ಲ. ಬೇಸರವೂ ಆಗಿರಲಿಲ್ಲ.

ರಸ್ತೆ ಮುಗಿದಲ್ಲಿ ಡ್ರೈವರು ಸೀಟು ಹಿಂದಕ್ಕೆ ಬಾಗಿಸಿ ಮುಖದ ಮೇಲೆ ಟವೆಲು ಎಳೆದುಕೊಂಡ. ಅವನು ಅರ್ಧ ಗಂಟೆ ಏರಿದ. ಮೊಣಕಾಲು ನೋಯುತ್ತಿರಬೇಕು, ಕುಂಟುತ್ತಿದ್ದುದನ್ನು ತನ್ನ ನೆರಳಿನಲ್ಲಿ ನೋಡಿದ. ಚೌಕಿಯ ಅಂಗಳಕ್ಕೆ ಬಂದಾಗ ಅವಳು ಮಾಡಿಗೆ ಏಣಿಯಿಟ್ಟು ಪ್ಯಾನೆಲ್ಲಿನ ಗಾಜು ಒರೆಸುತ್ತಿದ್ದಳು, ಗಂಡನ ಖಾಕಿ ಕೋಟು ತೊಟ್ಟುಕೊಂಡು, ತೋಳು ಎರಡು ಮಡಿಕೆ ಮಡಚಿ. ಹೊಸ ಅಳತೆಗಾರ ಬರುವವರೆಗೆ ಅವಳನ್ನೇ ಇಟ್ಟುಕೊಂಡಿದ್ದರು. “ಬನ್ನಿ ಅಣ್ಣಾ. ಜೀಪಿನ ಶಬ್ದ ಆಗಲೇ ಕೇಳಿತ್ತು. ಹತ್ತೋದಕ್ಕೆ ಇಷ್ಟು ಹೊತ್ತಾ? ಇವರು ಅಂತಿದ್ದರು, ಆ ಮನುಷ್ಯ ದಾರಿಯ ಕಲ್ಲಿಗೂ ಮೀಟರಿಟ್ಟು ನೋಡ್ಕೊಂಡು ಬರ್ತಾರೆ ಅಂತ.” ಇಳಿದು ಕೈ ಒರೆಸಿಕೊಂಡು ಅವನ ಮುಖ ನೋಡಿದಳು. “ನೀವು ಮುಖ ಹಾಗೆ ಮಾಡ್ಕೋಬೇಡಿ. ಅಳೋದೆಲ್ಲ ಅತ್ತಾಯ್ತು. ಬಂದವರೆಲ್ಲ ಹೀಗೇ ಮುಖ ಹೊತ್ಕೊಂಡು ಬರ್ತಾರೆ, ಕೊನೆಗೆ ನಾನೇ ಅವರಿಗೆ ಸಮಾಧಾನ ಮಾಡಿ ಕಳಿಸಬೇಕು.” ಏನಾದರೂ ಹೇಳಬೇಕಿತ್ತು. ಗಾಜು ಚೆನ್ನಾಗಿ ಒರೆಸಿದ್ದೀರಿ ಎಂದ. “ಅದು ಉಣ್ಣೋ ತಟ್ಟೆ ಅಲ್ಲವಾ, ದಿನಾ ತೊಳೀಬೇಕು ಅಂತ ಇವರ ಕಟ್ಟಪ್ಪಣೆ.”

ಒಳಗೆ ಒಂದೇ ಕೋಣೆ. ಮಂಚ, ಮೇಜು, ಮೇಜಿನ ಮೇಲೆ ಕಪ್ಪು ಸೆಟ್ಟು, ಮಟ್ಟ ಬರೆಯುವ ಪುಸ್ತಕ. ಗೋಡೆಯ ಮೇಲೆ ಕಂಟ್ರೋಲರಿಗೆ ಯಾರೋ ಅಳತೆ ತೆಗೆದು ಬಟ್ಟೆಯ ಮುಸುಕು ಹೊಲಿದಿದ್ದರು, ಅಂಚಿಗೆ ಕೆಂಪು ದಾರದ ಎರಡು ಸಾಲು. ಅವನು ಮುಸುಕು ಎತ್ತಿದ. ಪರದೆಯ ಮೇಲೆ ಸೊನ್ನೆ, ಅವನು ಇಟ್ಟುಹೋದ ಹಾಗೆಯೇ. ನೋಡಿದ್ದೇ ತಡ ಎದೆ ಬಡಿದುಕೊಂಡೀತು ಎಂದು ಕಾದ. ಅದು ಆಫೀಸಿನ ಫ್ಯಾನಿನ ಹಾಗೆ ತನ್ನ ಪಾಡಿಗೆ ತಾನು ತಿರುಗುತ್ತಿತ್ತು. “ಇದು ಹಳೇದಾಯ್ತಮ್ಮಾ, ಬದಲಾಯಿಸ್ತೀನಿ,” ಎಂದ. “ಹೊಸ ಮಾದರಿ ಬಂದಿದೆ. ಹಗಲಲ್ಲೂ ಸೆಟ್ಟು ನಡೆಯುತ್ತೆ.” “ಹಗಲಲ್ಲೂ?” ಎಂದಳು ಅವಳು. “ಈ ವರ್ಷವೇ ಬಂದದ್ದು,” ಎಂದ. ಡಬ್ಬಿ ತೆಗೆದು ಮುದ್ರೆ ಹರಿದ. ಶಬ್ದ ಅವನು ಎಣಿಸಿದ್ದಕ್ಕಿಂತ ಸಣ್ಣದಾಗಿ ಬಂತು.

ಮೊದಲು ಪ್ಯಾನೆಲ್ಲಿನ ತಂತಿ ಬಿಚ್ಚಬೇಕು, ಆಮೇಲೆ ಸೆಟ್ಟಿನದು, ಕೊನೆಗೆ ಬ್ಯಾಟರಿಯದು. ಕಟ್ಟುವಾಗ ಬ್ಯಾಟರಿ ಮೊದಲು. ಕೈಗಳು ತಾವಾಗಿ ಮಾಡಿಕೊಂಡು ಹೋದವು. ಅವಳು ಎದುರಿಗೇ ಸ್ಟೂಲು ಎಳೆದುಕೊಂಡು ಕೂತಳು. ಯಾರಾದರೂ ಇದಕ್ಕೆ ಕೈಹಾಕಿದರೆ ಕಣ್ಣು ತೆಗೆಯಬೇಡ ಎಂದು ಗಂಡ ಹೇಳಿದ್ದನಂತೆ. “ಡಿಪೋದಲ್ಲಿ ನಿಮಗೆ ಸಿಕ್ಕಿದ್ದರಂತಲ್ಲ. ಬಂದು ಹೇಳಿದ್ದೇ ಹೇಳಿದ್ದು. ಅಷ್ಟು ದೊಡ್ಡ ಮೆಕ್ಯಾನಿಕ್ಕು ನನ್ನ ಮಾತು ಕೇಳಿ ಒಳ್ಳೇದು ಒಳ್ಳೇದು ಅಂದ್ರು ಕಣೇ, ನಾನು ಪೆಟ್ಟಿಗೆಯ ಸ್ವಭಾವ ಸರಿಯಾಗೇ ತಿಳ್ಕೊಂಡಿದೀನಿ ಅಂತ.” ಸ್ಕ್ರೂ ಒಂದು ಅವನ ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು. ಅವಳೇ ಬಗ್ಗಿ ಎತ್ತಿಕೊಟ್ಟಳು. “ಆವತ್ತು ನನಗೆ ಸಿಟ್ಟು ತಡೀಲಿಲ್ಲ ಅಣ್ಣಾ. ಹನ್ನೊಂದು ಗಂಟೆ ಇರಬೇಕು. ಇವರು ಈ ಮಂಚದ ಮೇಲೆ ಬೆವರು ಸುರಿಸ್ತಾ ಬಿದ್ದಿದಾರೆ, ಇದು ನೋಡಿದರೆ ಹೊಟ್ಟೆ ತುಂಬ ಉಂಡು ಗೋಡೆ ಮೇಲೆ ಕೂತಿದೆ. ಒಂದು ಕೊಡ್ಲಾ ಇದಕ್ಕೆ ಅಂದೆ. ಇವರೇ ಬೇಡ ಅಂದ್ರು. ಮುಟ್ಟಬೇಡ, ಕೆಟ್ಟುಹೋದರೆ ಸಂಜೆಗೂ ಇಲ್ಲದ ಹಾಗಾಗುತ್ತೆ. ಸಂಜೆ ಆಗ್ಲಿ, ಸಂಜೆ ಆಗ್ಲಿ ಅಂತಿದ್ರು. ಹತ್ತಿರದ ಮನೆಗೆ ಓಡೋಣ ಅಂದರೆ ಅರ್ಧ ದಿನದ ದಾರಿ, ಬಿಟ್ಟು ಹೋಗೋದು ಹೇಗೆ? ಕಿಟಕೀಗೆ ಕಂಬಳಿ ಕಟ್ಟಿದೆ, ಕೋಣೆ ಕತ್ತಲೆ ಮಾಡಿದರೆ ಮೋಸ ಹೋಗುತ್ತೇನೋ ಅಂತ.” ಅವಳು ನಕ್ಕಳು. “ಹೋಗಲಿಲ್ಲ. ಬುದ್ಧಿವಂತ ಪೆಟ್ಟಿಗೆ.”

ಕಂಬಳಿಯನ್ನು ಕಿಟಕಿಗಲ್ಲ, ಮಾಡಿನ ಮೇಲಿನ ಪ್ಯಾನೆಲ್ಲಿಗೆ ಹೊದಿಸಿದ್ದರೆ ಮೋಸ ಹೋಗುತ್ತಿತ್ತು. ಪ್ಯಾನೆಲ್ಲಿನಿಂದ ಏನೂ ಬರದಿದ್ದರೆ ರಾತ್ರಿಯಾಯಿತೆಂದೇ ಅದು ತಿಳಿಯುತ್ತದೆ. ಅವಳ ಯೋಚನೆ ಸರಿಯಾಗಿತ್ತು, ಎಂಟು ಅಡಿ ಎತ್ತರದಲ್ಲಿ ತಪ್ಪಿತ್ತು. ಇದನ್ನು ಅವನು ಒಂದು ಒಳ್ಳೆಯ ತಾಂತ್ರಿಕ ಅಂಶವೆಂಬಂತೆ ಗಮನಿಸಿದ. ತರಬೇತಿಯಲ್ಲಿ ಹೇಳಬಹುದು ಎಂದೂ ಮನಸ್ಸು ಅಂದಿತು. ಹಾಗೆ ಅಂದದ್ದಕ್ಕೆ ನಾಚಿಕೆಯಾಗಲಿ ಎಂದು ಸ್ವಲ್ಪ ಹೊತ್ತು ಬಿಟ್ಟುಕೊಟ್ಟ. ಹೊಸದನ್ನು ಕಟ್ಟಿ ಮುಗಿದಿತ್ತು. ಪರದೆ ಬೆಳಗಿತು: ಸೊನ್ನೆ. “ಒಂದು ಲೋಟ ನೀರು ಕೊಡ್ತೀರಾ ಅಮ್ಮಾ?” “ನಿಮ್ಮ ಮೊಣಕೈ ಹತ್ತಿರವೇ ಇದೆಯಲ್ಲ, ಬಂದಾಗಲೇ ಇಟ್ಟೆ.” ಇತ್ತು. ಕುಡಿದ. ಅವಳು ಸೆಟ್ಟಿನ ಕಡೆ ನೋಡುತ್ತಿದ್ದಳು. “ಹೊತ್ತಿಕೊಳ್ಳಲಿಲ್ಲವಲ್ಲ. ಇದೂ ಅದೇ ಜಾತೀದೇ ಅನ್ನಿಸುತ್ತೆ ನೋಡಿ.” ಈಗ ಹೊತ್ತಿಕೊಳ್ಳುತ್ತೆ ಎಂದ. ತಂತಿ ಬಿಗಿ ಮಾಡುವವನ ಹಾಗೆ ಎಡಗೈಯನ್ನು ಪರದೆಗೆ ಅಡ್ಡ ಹಿಡಿದು, ಬಲಗೈಯ ಹೆಬ್ಬೆರಳನ್ನು ಅದರ ಅಡಿಗೆ ತೂರಿಸಿ ಗುಂಡಿ ಒತ್ತಿದ. ಒಂದು, ಎರಡು, ಮೂರು, ನಾಲ್ಕು. ಐದಕ್ಕೆ ಪೆಟ್ಟಿಗೆ ಪೀಪ್ ಎಂದಿತು. ಹಳೆಯ ಮಾದರಿ ಹಾಗೆ ಕೂಗುತ್ತಿರಲಿಲ್ಲ. ಹೊಸದರಲ್ಲಿ ನಿಜವಾಗಿಯೂ ಹೊಸದಾಗಿದ್ದದ್ದು ಅದೊಂದೇ. ಮೇಜಿನ ಮೇಲೆ ಕೆಂಪು ದೀಪ ಹೊತ್ತಿಕೊಂಡಿತು. ಕಿಟಕಿಯ ಬಿಸಿಲಿನಲ್ಲಿ ಅದು ಕಂಡೂ ಕಾಣದಂತಿತ್ತು.

ಅವಳು ದೀಪ ನೋಡಲಿಲ್ಲ. ಅವನ ಕೈ ನೋಡುತ್ತಿದ್ದಳು. “ಏನು ಮಾಡಿದ್ರಿ?”

“ಗುಂಡಿ ಒತ್ತಿದೆ.”

“ಅಷ್ಟೇನಾ?”

“ಅಷ್ಟೇ.”

ಅವಳು ಎದ್ದು, ನೆಲದ ಮೇಲೆ ಅವನ ಚೀಲದ ಪಕ್ಕ ಬಿದ್ದಿದ್ದ ಹಳೆಯ ಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಮುಸುಕಿನ ಎಳೆಯೊಂದು ಅದಕ್ಕೆ ಅಂಟಿತ್ತು, ತೆಗೆದಳು. “ಇದಕ್ಕೂ ಇದೆಯಲ್ಲ ಗುಂಡಿ?” ಅದು ಬೇರೆ ಗುಂಡಿ ಎನ್ನಬಹುದಿತ್ತು. ಆ ಮಾತು ಸಿದ್ಧವಾಗಿ, ಇಸ್ತ್ರಿಯಾಗಿ, ಅವನ ಬಾಯೊಳಗೆ ಇತ್ತು. ನಾಲ್ಕು ದಿನದಿಂದ ಮಡಿಚಿಟ್ಟದ್ದು. “ಇದೆ,” ಎಂದ. “ಇದನ್ನೂ ಒತ್ತಿದ್ದರೆ?” ಅವನು ಸ್ಕ್ರೂ ಡ್ರೈವರನ್ನು ಚೀಲಕ್ಕೆ ಹಾಕಿದ. “ಅಣ್ಣಾ, ನಿಮ್ಮನ್ನೇ ಕೇಳ್ತಿರೋದು.” “ಬರ್ತಿತ್ತು,” ಎಂದ. “ಕೂರಿಸಿದ ದಿನ ನಾನು ಒತ್ತಬೇಕಿತ್ತು. ಒತ್ತಲಿಲ್ಲ.” ಡಿಪೋದ ಮಾತೂ ಇತ್ತು. ಅದನ್ನೂ ಹೇಳಿದ, ಚಹಾದ ಲೋಟದ ಸಂಗತಿಯನ್ನೂ ಬಿಡದೆ ಹೇಳಿದ. ತನ್ನ ದನಿ ಸಾಮಾನು ಪಟ್ಟಿ ಓದುವವರ ದನಿಯಂತೆ ಕೇಳಿಸಿತು.

ಕೂಗುತ್ತಾಳೆ ಎಂದುಕೊಂಡ. ಹೊಡೆದರೂ ಹೊಡೆಯಬಹುದು, ಕೈಯಲ್ಲಿ ಪೆಟ್ಟಿಗೆ ಇದೆ, ಅರ್ಧ ಕೇಜಿಯಷ್ಟಾದರೂ ಭಾರ. ಹೊಡೆದರೆ ಗೊತ್ತಾಗುತ್ತದೋ ಇಲ್ಲವೋ ಎಂದು ಕುತೂಹಲವಾಯಿತು. ಅವಳು ಅದನ್ನು ಅವನ ಕಡೆಗೆ ಚಾಚಿದಳು. “ಹೊಸದನ್ನ ಬಿಚ್ಚಿ. ಇದನ್ನೇ ಕಟ್ಟಿ.” ಬಿಚ್ಚಿದ, ಕಟ್ಟಿದ. ಬ್ಯಾಟರಿ, ಪ್ಯಾನೆಲ್ಲು, ಸೆಟ್ಟು. ಸೊನ್ನೆ ಬಂತು, ಕೆಂಪು ದೀಪ ಸತ್ತಿತ್ತು. “ನೀವು ಸರೀರಿ,” ಎಂದು ಅವಳು ಮುಂದೆ ಬಂದು ಹೆಬ್ಬೆರಳಿಟ್ಟಳು. ಹನ್ನೊಂದು ತಿಂಗಳಲ್ಲಿ ಅವಳು ಅದನ್ನು ಬರಿಗೈಯಿಂದ ಮುಟ್ಟಿದ್ದು ಅದೇ ಮೊದಲಿರಬೇಕು. ಬೆರಳು ಮೊದಲು ಸುಡುವ ಹೆಂಚನ್ನು ಮುಟ್ಟಿದಂತೆ ಹಿಂದೆ ಸರಿದು, ಮತ್ತೆ ಹೋಗಿ ಕೂತಿತು. “ಎಷ್ಟು ಹೊತ್ತು?” “ಐದು ಎಣಿಸಿ.” ಗಟ್ಟಿಯಾಗಿ ಎಣಿಸಿದಳು. ಹಳೆಯ ಪೆಟ್ಟಿಗೆ ಸದ್ದು ಮಾಡಲಿಲ್ಲ. ದೀಪ ಹೊತ್ತಿಕೊಂಡಿತು. “ಚೆನ್ನಾಗೇ ಇದೆ,” ಎಂದಳು, ಯಾರೋ ಮಗುವಿನ ಜ್ವರ ನೋಡಿ ಹೇಳುವ ಹಾಗೆ.

ಮೇಜಿನ ಬಳಿ ಕೂತು ಮೌತ್‌ಪೀಸು ಎತ್ತಿಕೊಂಡಳು. “ಸೆಂಟರ್, ಸೆಂಟರ್, ಹೊಳೆ ಚೌಕಿ.” ಗೊರಗೊರ ಶಬ್ದ. ಆಮೇಲೆ ಕೇಂದ್ರದ ಆಪರೇಟರನ ದನಿ, ಬಾಯ್ತುಂಬ ಏನೋ ತಿನ್ನುತ್ತಿದ್ದ ಹಾಗಿತ್ತು. “ಹೊಳೆ ಚೌಕೀನಾ? ಏನಮ್ಮಾ ಇಷ್ಟು ಹೊತ್ತಲ್ಲಿ! ಸೂರ್ಯ ಏನಾದರೂ ಅಲ್ಲಿ ರಜೆ ಹಾಕಿದಾನಾ?”

“ನನ್ನ ಮಾತು ಕೇಳ್ತಿದೆಯಾ?”

“ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಕೇಳ್ತಿದೆ. ಹೇಳಿ.”

“ಈಗ ಜೀಪು ಬೇಕು ಅಂದರೆ, ಡಾಕ್ಟರನ್ನ ಕರ್ಕೊಂಡು ಇಲ್ಲೀವರೆಗೆ ಬರೋಕೆ ಎಷ್ಟು ಹೊತ್ತು ಹಿಡಿಯುತ್ತೆ?”

“ಹಗಲು ತಾನೆ? ಮೂರು ಗಂಟೆ. ಮೇಲೆ ಹತ್ತೋದು ಸೇರಿ ಮೂರೂವರೆ ಅನ್ನಿ. ಯಾಕಮ್ಮಾ, ಯಾರಿಗೆ ಏನಾಯ್ತು?”

ಅವಳ ಎಡಗೈಯ ಹೆಬ್ಬೆರಳು ಮಡಿಲಲ್ಲಿ, ಬೆರಳಿನ ಗೆಣ್ಣುಗಳ ಮೇಲೆ ಚಲಿಸುತ್ತಿತ್ತು. ಅವನು ಕೂಡ ಎಣಿಸಿದ, ಎಣಿಸದೆ ಇರಲಾಗಲಿಲ್ಲ. ಹತ್ತು. ಹನ್ನೊಂದು, ಹನ್ನೆರಡು, ಒಂದು. ಹೆಬ್ಬೆರಳು ಗೆಣ್ಣಿನ ನಡುವೆ ನಿಂತಿತು.

“ಒಂದೂವರೆ,” ಎಂದಳು.

“ಏನು ಒಂದೂವರೆ? ಜೀಪು ಕಳಿಸ್ಲಾ? ಅಮ್ಮಾ? ಲೈನಲ್ಲಿ ಇದೀರಾ?”

ಅವಳು ಮೌತ್‌ಪೀಸನ್ನು ಮೇಜಿನ ಮೇಲಿಡಲಿಲ್ಲ. ಅವನ ಕೈ ಹಿಡಿದು, ಅಂಗೈ ಬಿಡಿಸಿ, ಅದರೊಳಗೆ ಇಟ್ಟಳು. ಅವಳ ಬೆರಳುಗಳು ಮಂಜಿನಂತೆ ತಣ್ಣಗಿದ್ದವು. ಅದು ಅವನಿಗೆ ಗೊತ್ತಾಯಿತು. “ನೀವೇ ಹೇಳಿ. ನನಗೆ ಹೇಳಿದ್ರಲ್ಲ, ಹಾಗೇ,” ಎಂದಳು. ಕೋಟಿನ ತೋಳು ಕೆಳಗೆ ಜಾರಿದ್ದನ್ನು ಮತ್ತೆ ಮಡಚಿಕೊಳ್ಳುತ್ತ ಹೊಸ್ತಿಲ ಮೇಲೆ ಹೋಗಿ ಕೂತಳು, ಬೆನ್ನು ಒಳಗೆ ಮಾಡಿ.

ಅವನು ಮೌತ್‌ಪೀಸಿನ ಕೀ ಒತ್ತಿದ. “ಮೀಟರಣ್ಣ ಮಾತಾಡ್ತಿರೋದು,” ಎಂದ. “ಜೀಪು ಬೇಡ. ಒಂದು ಮಾತಿದೆ, ಪುಸ್ತಕದಲ್ಲಿ ಬರ್ಕೊಳ್ಳಿ.”

“ಓಹೋ, ನೀವು! ತಡೀರಿ ಮಾರಾಯರೇ, ಪೆನ್ನು ಎಲ್ಲಿ ಹಾಳಾಗಿ ಹೋಯ್ತೋ.” ಆ ಕಡೆ ಡ್ರಾಯರು ಎಳೆದ ಸದ್ದು, ಯಾರನ್ನೋ ಬೈದದ್ದು, ಕಾಗದ ಮಗುಚಿದ್ದು. ಅವನು ಕಾದ. ಹೊಸ್ತಿಲ ಮೇಲಿನ ಬೆನ್ನು ಅಲ್ಲಾಡಲಿಲ್ಲ. “ಹೂಂ, ಹೇಳಿ.”

“ಹೊಳೆ ಚೌಕಿಯ ಕಂಟ್ರೋಲರಿಗೆ ಏನೂ ಆಗಿರಲಿಲ್ಲ,” ಎಂದ ಅವನು. “ಸೆಟ್ಟು ಹಗಲಲ್ಲಿ ಸತ್ತಿರ್ತಿದ್ದದ್ದು ನನ್ನಿಂದ. ನನಗೆ ಮೊದಲೇ ಗೊತ್ತಿತ್ತು.”

ಆ ಕಡೆ ಬರೆಯುವ ಸದ್ದು ನಿಂತಿತು. “ಕೊನೇದು ಏನಂದ್ರಿ? ಇನ್ನೊಂದು ಸಲ ಹೇಳಿ.”

ಇನ್ನೊಂದು ಸಲ ಹೇಳಿದ, ಈ ಸಲ ಬಾಗಿಲವರೆಗೆ ಕೇಳುವಷ್ಟು ಗಟ್ಟಿಯಾಗಿ.